ಹಂತ 1 ಅಂದ ಮಾತ್ರಕ್ಕೆ ಸುಲಭವಲ್ಲ: ಬಾಗೇಪಳ್ಳಿ ಕಡೆ ಓದಿಸುವವರಿಗೆ ಸ್ಟೋರಿವೀವರ್

ಸರ್ಕಾರಿ ಶಾಲೆಗೆ ಹೋಗಿ ಮಕ್ಕಳ ಕೈಲಿ ಓದಿಸುವ ಸ್ವಯಂಸೇವಕರಿಗೆ ಮೊದಲ ತಲೆನೋವು, ಓದಿಸಲು ಪುಸ್ತಕ ಎಲ್ಲಿಂದ ತರೋದು? ಪಠ್ಯದ ಪಾಠವಂತೂ ಅರ್ಧ ಮಕ್ಕಳಿಗೆ ಬಾಯಿಪಾಠ. ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ, ಮಕ್ಕಳ ಕಥೆಗಳ ಸ್ಟೋರಿವೀವರ್ ಜಾಲತಾಣ ಇಲ್ಲಿ ಕೈಹಿಡಿಯುತ್ತದೆ. ದುಡ್ಡು ಕೊಡಬೇಕಿಲ್ಲ. ಸಿಸಿ ಬೈ 4.0 ಎಂಬ ಮುಕ್ತ ಪರವಾನಗಿಯ ಕಥೆಗಳನ್ನು ಮುದ್ರಿಸಿ ಹಂಚಬಹುದು, ವಾಕ್ಯ ತಿದ್ದಲೂಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿ, ತಿದ್ದಿದ್ದರೆ ಅದನ್ನೂ ನಮೂದಿಸಬೇಕು. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಒಂದು ಅಂಕ ಕಳೆದದ್ದು ಹಂತಗಳಿಗೆ. ತಾಣದಲ್ಲಿ ಕಥೆಗೆ ಕೊಟ್ಟಿರುವ 1ರಿಂದ 4ರವರೆಗಿನ ಓದಿನ ಹಂತದಿಂದ ಕಥೆ ಎಷ್ಟು ಉದ್ದ, ವಾಕ್ಯ ಎಷ್ಟು ಸರಳ ಅನ್ನುವುದು ತಿಳಿಯುತ್ತದೆ, ಒತ್ತಕ್ಷರ ಎಷ್ಟಿದೆ ಅನ್ನುವುದು ತಿಳಿಯುವುದಿಲ್ಲ. ಕನ್ನಡದ ಮಗು ಮುಗ್ಗರಿಸುವುದು ಅಲ್ಲೇ. ‘ಅಕ್ಕ’, ‘ಅಪ್ಪ’ ಬೇಗ ಬರುತ್ತವೆ, ‘ಪುಸ್ತಕ’ ಕಷ್ಟ, ‘ಸೂರ್ಯ’ ಇನ್ನೂ ಕಷ್ಟ, ಅರ್ಕಾವೊತ್ತು ಕಣ್ಣಿಗೆ ಆಮೇಲೆ ಬೀಳುವುದರಿಂದ ‘ಸೂಯರ’ ಎಂದೇ ಓದುತ್ತಾರೆ. ಆದ್ದರಿಂದ ಹಂತ ನಂಬಿ ಇಳಿಸಿಕೊಳ್ಳಬೇಡಿ. ಮೊದಲ ಮೂರು ಪುಟದ ಒತ್ತಕ್ಷರ ಎಣಿಸಿ. ಕಾಗುಣಿತ ಈಗಷ್ಟೇ ಮುಗಿಸಿದ ಮಗುವಿಗೆ ಪುಟಕ್ಕೆ ಎರಡು ಸಾಕು, ಅದೂ ‘ಅಕ್ಕ’ದಲ್ಲಿರುವಂತೆ ಅದೇ ಅಕ್ಷರದ ಒತ್ತು, ಅಂದರೆ ಸಜಾತಿ ಒತ್ತು. ಅಂದಹಾಗೆ, ಅಕ್ಷರವೇ ಬಾರದ ಮಗುವಿನ ಮುಂದೆ ‘ಅ ಆ ಇ ಈ’ ಚಾರ್ಟ್ ಹಿಡಿಯಬೇಡಿ; ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಕ್ರಮವಾದ ನಲಿಕಲಿಯಲ್ಲಿ ಕಲಿಕೆ ಶುರುವಾಗುವುದು ‘ರ ಗ ಸ ದ ಅ’ದಿಂದ.

ಬಾಗೇಪಳ್ಳಿ, ಗುಡಿಬಂಡೆ, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ‘ಹುಲಿ’ ಎಂದು ಸರಿಯಾಗಿ ಓದಿದ ಮಗುವಿಗೆ ಅರ್ಥ ಹೊಳೆದಿರುವುದಿಲ್ಲ, ‘ಪುಲಿ’ ಅಂದ ತಕ್ಷಣ ಮುಖ ಅರಳುತ್ತದೆ. ಹಾಲು-ಪಾಲು, ಹೂವು-ಪುವ್ವು, ಹೀಗೆ ‘ಹ’ ಇದ್ದಲ್ಲಿ ‘ಪ’ ಇಟ್ಟು ನೋಡುವ ಆಟ ಮಕ್ಕಳಿಗೆ ಭಾರಿ ಇಷ್ಟ. ಅದೇ ಕಥೆ ತೆಲುಗಿನಲ್ಲೂ ಸಿಕ್ಕರೆ ಮೊದಲು ಅದನ್ನು ಓದಿ ಹೇಳಿ, ಕನ್ನಡದ್ದನ್ನು ಆಮೇಲೆ ಮಗುವಿನ ಕೈಗೆ ಕೊಡಿ.

ಗುಂಪಿಗೆ ನಾಲ್ಕೇ ಮಕ್ಕಳು, ಅರ್ಧ ಗಂಟೆ. ಮೊದಲ ಸಲ ನೀವು ಸಾಲಿನ ಕೆಳಗೆ ಬೆರಳಿಟ್ಟು ಓದಿ, ಎರಡನೇ ಸಲ ಎಲ್ಲರೂ ಕೂಡಿ, ಮೂರನೇ ಸಲ ಒಬ್ಬೊಬ್ಬರಿಗೆ ಒಂದು ಪುಟ. ಮಗು ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ. ಹೊಸ ಸ್ವಯಂಸೇವಕರು ಒಂದಕ್ಕೇ ಬಾಯಿ ಹಾಕುತ್ತಾರೆ, ಮಗು ಪುಟ ಬಿಟ್ಟು ಅವರ ಮುಖ ನೋಡಲು ಕಲಿಯುತ್ತದೆ. ಸರಾಗವಾಗಿ ಓದಿತೆಂದು ಹಿಗ್ಗುವ ಮೊದಲು ಚಿತ್ರ ಮುಚ್ಚಿ, ಸಾಲಿನ ಕೊನೆಯ ಪದ ತೋರಿಸಿ. ಉರು ಹೊಡೆದದ್ದಾದರೆ ಆಗ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಓದಿಸಬೇಡಿ, ಹತ್ತಿರ ಕೂತ ಒಬ್ಬನಿಗಷ್ಟೇ ಕಾಣುತ್ತದೆ. ಊರಿನಲ್ಲಿ ನೆಟ್‌ವರ್ಕ್ ಸಿಗುವುದೂ ಖಾತ್ರಿಯಿಲ್ಲ, ಪಿಡಿಎಫ್ ಮನೆಯಲ್ಲೇ ಇಳಿಸಿಕೊಂಡು, ಎ4 ಹಾಳೆಯ ಒಂದು ಬದಿಗೆ ಎರಡು ಪುಟದಂತೆ ಮುದ್ರಿಸಿ. ಕಪ್ಪು-ಬಿಳುಪಿನಲ್ಲಿ ರಾತ್ರಿ, ಕಾಡು ಇರುವ ಪುಟಗಳು ಮಸಿಯಾಗಿ ಅಕ್ಷರವೇ ಮುಚ್ಚಿಹೋಗುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಮೊದಲು ಅಂಥ ಒಂದು ಪುಟ ತೆಗೆಸಿ ನೋಡಿ.