ಬಾಲ ಕತ್ತರಿಸದ ಕೋಟ್: ನಮ್ಮ ಪದಚರ್ಚೆಗೆ ಡಿಸ್ಕೋರ್ಸ್ ತಂತ್ರಾಂಶ ಒಗ್ಗಿತೇ?

ಮೇಷ್ಟ್ರು ನಮ್ಮ ಗುಂಪು ಬಿಟ್ಟದ್ದು ಒಂದು ಶೌಚಾಲಯದ ದೆಸೆಯಿಂದ.

ಅವರು ಬರೆದಿದ್ದ ವಾಕ್ಯ ಇದು: ‘ಲೋಕಾರ್ಪಣೆ ಎಂಬ ಪದವನ್ನು ಪುಸ್ತಕಕ್ಕೆ, ಮೇಲ್ಸೇತುವೆಗೆ, ಬಸ್ ನಿಲ್ದಾಣದ ಶೌಚಾಲಯಕ್ಕೆ, ಎಲ್ಲದಕ್ಕೂ ಬಳಸಬಹುದು, ಅದರಲ್ಲಿ ತಪ್ಪೇನೂ ಇಲ್ಲ ಎಂದು ಈಚೆಗೆ ಕೆಲವರು ವಾದಿಸುವುದನ್ನು ನಾನು ಒಪ್ಪುವುದಿಲ್ಲ.’ ಫೋನಿನ ಚಾಟ್ ಗುಂಪಿನಲ್ಲಿ ಒಬ್ಬರು ಇದನ್ನು ಕೋಟ್ ಮಾಡಿ, ಅಂದರೆ ಅವರ ಮಾತನ್ನೇ ಮೇಲೆ ಎತ್ತಿಟ್ಟು, ಉತ್ತರ ಬರೆದರು. ಕೋಟಿನ ಪಟ್ಟಿಯಲ್ಲಿ ಕಾಣಿಸಿದ್ದು ‘ತಪ್ಪೇನೂ ಇಲ್ಲ’ದವರೆಗೆ ಮಾತ್ರ, ಆಮೇಲೆ ಮೂರು ಚುಕ್ಕಿ. ಕೆಳಗೆ ಅವರ ಪ್ರಶ್ನೆ: ‘ಶೌಚಾಲಯಕ್ಕೂ ಲೋಕಾರ್ಪಣೆಯೇ ಮೇಷ್ಟ್ರೇ?’ ಮೂಲ ಸಂದೇಶ ಬೆಳಗಿನದು, ಅಷ್ಟು ಹೊತ್ತಿಗೆ ಎಲ್ಲೋ ಮೇಲೆ ಹೋಗಿಬಿಟ್ಟಿತ್ತು. ಕೋಟನ್ನು ಒತ್ತಿ ಅಲ್ಲಿಗೆ ಹೋಗಿ ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಸಂಜೆ ನಾನು ಕುಕ್ಕರ್ ಇಟ್ಟು ಫೋನ್ ನೋಡಿದರೆ 74 ಸಂದೇಶ, ಮೇಷ್ಟ್ರು ನಾಪತ್ತೆ.

ಮರುದಿನ ತ್ಯಾಗರಾಜನಗರದ ಅವರ ಮನೆಗೆ ಹೋದೆ. ‘ನೋಡಮ್ಮ, ನಾನು ಹೇಳಿದ್ದೇ ಒಂದು, ಇವರು ತಗೊಂಡಿದ್ದೇ ಒಂದು. ಕರಡು ತಿದ್ದೋ ಜನ ಒಂದು ವಾಕ್ಯ ಪೂರ್ತಿ ಓದೋದಿಲ್ಲ ಅಂದ್ರೆ ಹೇಗೆ?’ ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ಮೂವತ್ತೊಂದು ವರ್ಷ ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವಳು ನಾನು. ನಮ್ಮ ಗುಂಪಿನ 41 ಜನರಲ್ಲಿ ಹೆಚ್ಚಿನವರು ಅದೇ ಕಸುಬಿನವರು. ಉಳಿದವರಲ್ಲಿ ನಿವೃತ್ತ ಮೇಷ್ಟ್ರುಗಳು, ಇಬ್ಬರು ಅನುವಾದಕರು, ಒಬ್ಬರು ಡಿಟಿಪಿಯವರು. ನಮ್ಮ ಚರ್ಚೆಯೆಲ್ಲ ಒಂದು ಪದದ ಮೇಲೆ, ಒಂದು ಸಾಲಿನ ಮೇಲೆ. ಯಾರ ಯಾವ ಸಾಲು ಎಂಬುದೇ ಕೆಟ್ಟರೆ ಆಮೇಲೆ ಚರ್ಚೆ ಮಾಡುವುದು ಏನನ್ನು?

ಮನೆಗೆ ಬರುವ ಬಸ್ಸಿನಲ್ಲಿ ಯೋಚಿಸುತ್ತ ಕೂತಾಗ ಹೊಳೆದದ್ದು ಇಷ್ಟು. ಇಂಗ್ಲಿಷಿನವರು ‘ಒಪ್ಪುವುದಿಲ್ಲ’ ಎಂಬುದನ್ನು ಮೊದಲೇ ಹೇಳಿಬಿಡುತ್ತಾರೆ, ಏನನ್ನು ಎಂಬುದು ಹಿಂದಿನಿಂದ ಬರುತ್ತದೆ. ಅವರ ವಾಕ್ಯದ ಬಾಲ ಕತ್ತರಿಸಿದರೆ ವಿವರ ಹೋದೀತು, ಅಭಿಪ್ರಾಯ ಉಳಿಯುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ನಿಷೇಧ ಅದಕ್ಕಿಂತ ಕೊನೆಗೆ. ಆ ಮಾತು ತನ್ನದೋ ಬೇರೆಯವರದೋ ಎಂಬುದು ಕೂಡ ‘ಎಂದು’ ಬಂದ ಮೇಲೆಯೇ ಗೊತ್ತಾಗುವುದು. ಮೊದಲ ಎರಡು ಸಾಲು ತೋರಿಸಿ ಮಿಕ್ಕದ್ದನ್ನು ನುಂಗುವ ಯಾವ ಪಟ್ಟಿಯೂ ಕನ್ನಡದ ವಾಕ್ಯವನ್ನು ಅದರ ವಿರುದ್ಧಾರ್ಥಕ್ಕೆ ತಿರುಗಿಸಬಲ್ಲದು. ಹಾಗಾಗಿ ಗುಂಪಿಗೆ ಹೊಸ ಚರ್ಚಾ ತಂತ್ರಾಂಶ ಹುಡುಕುವಾಗ ನನಗಿದ್ದ ಪರೀಕ್ಷೆ ಒಂದೇ: ಮೇಷ್ಟ್ರ ಶೌಚಾಲಯದ ವಾಕ್ಯವನ್ನು ಅಲ್ಲಿ ಹಾಕುವುದು, ಕೋಟ್ ಮಾಡುವುದು, ‘ಒಪ್ಪುವುದಿಲ್ಲ’ ಕಾಣುತ್ತದೆಯೇ ನೋಡುವುದು.

ಚಾಟ್ ಗುಂಪಿಗಿಂತ ಮೊದಲು ನಾವು ಒಂದು ಉಚಿತ ಇಮೇಲ್ ಗುಂಪು ಸೇವೆಯಲ್ಲಿದ್ದೆವು. ಆ ಸೇವೆ ಬಾಗಿಲು ಹಾಕಿದಾಗ ಏಳು ವರ್ಷದ ಪದಚರ್ಚೆಯೂ ಅದರೊಟ್ಟಿಗೆ ಹೋಯಿತು. ಪ್ರತಿ ಇಟ್ಟುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಮೇಲಿನಲ್ಲಿ ಕೋಟ್ ಮಾಡುವುದಕ್ಕೆ ಹಳೆಯ ಪದ್ಧತಿಯಿದೆ. ಬೇರೆಯವರ ಪ್ರತಿ ಸಾಲಿನ ಮುಂದೆ ಬಲಕ್ಕೆ ಮೊನೆಯಿರುವ ಒಂದು ಕೋನದ ಗುರುತು, ಅದರ ಕೆಳಗೆ ನಮ್ಮ ಉತ್ತರ. ಬೇಕಾದಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಳಿಸುವುದು ಮರ್ಯಾದೆ. 1995ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಜಾಲ ಶಿಷ್ಟಾಚಾರದ ದಾಖಲೆ ಹೇಳುವುದೂ ಇದನ್ನೇ: ಸಂದರ್ಭ ತಿಳಿಯಲು ಎಷ್ಟು ಬೇಕೋ ಅಷ್ಟನ್ನೇ ಮೂಲದಿಂದ ತೆಗೆದುಕೊಳ್ಳಿ. ನಮ್ಮವರು ಪಾಲಿಸಿದರೇ? ಇಲ್ಲ. ಮೇಲೆ ‘ಸರಿ’ ಎಂದು ಎರಡಕ್ಷರ ಬರೆದು, ಕೆಳಗೆ ಹದಿನೆಂಟು ಜನರ ಹಳೆಯ ಮೇಲುಗಳನ್ನು ಮದುವೆ ದಿಬ್ಬಣದ ಹಾಗೆ ಕರೆತರುತ್ತಿದ್ದರು. ಇಡೀ ದಿನದ ಮೇಲುಗಳ ಕಟ್ಟನ್ನೇ ಕೋಟ್ ಮಾಡಿ ‘ಇದಕ್ಕೆ ನನ್ನ ಸಹಮತ’ ಎಂದವರೂ ಇದ್ದರು. ಯಾವುದಕ್ಕೆ ಸ್ವಾಮಿ?

ಇನ್ನು ಆಯ್ಕೆಗಳ ಮಾತು. ವಾಟ್ಸ್‌ಆ್ಯಪ್ ಎಲ್ಲರ ಕೈಯಲ್ಲೂ ಇದೆ, ಸಂದೇಶವನ್ನು ಬಲಕ್ಕೆ ಎಳೆದರೆ ಸಾಕು ಕೋಟ್ ಆಗುತ್ತದೆ, ಗುಂಪಿಗೆ 1024 ಜನ ಸೇರಬಹುದು. ಮದುವೆಯ ಛತ್ರದ ದಾರಿ ತಿಳಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಅದು ಹರಿಯುವ ನೀರು. ನಿನ್ನೆಯ ಚರ್ಚೆಗೂ ಇವತ್ತಿನದಕ್ಕೂ ನಡುವೆ ಗೋಡೆಯಿಲ್ಲ. ಟೆಲಿಗ್ರಾಂ 2023ರಿಂದ ಸಂದೇಶದ ಒಂದು ತುಣುಕನ್ನಷ್ಟೇ ಆರಿಸಿ ಕೋಟ್ ಮಾಡಲು ಬಿಡುತ್ತದೆ. ಗುಂಪಿನೊಳಗೇ ವಿಷಯವಾರು ವಿಂಗಡಣೆಯೂ ಇದೆ. ನನ್ನ ಪರೀಕ್ಷೆಯಲ್ಲಿ ‘ನಾನು ಒಪ್ಪುವುದಿಲ್ಲ’ವನ್ನಷ್ಟೇ ಆರಿಸಿ ಉತ್ತರಿಸಲು ಆಯಿತು, ಖುಷಿಯಾಯಿತು. ಜೂಲಿಪ್ ಎಂಬ ಮುಕ್ತ (ಯಾರು ಬೇಕಾದರೂ ಹಾಕಿಕೊಂಡು ತಿದ್ದಿಕೊಳ್ಳಬಹುದಾದ) ತಂತ್ರಾಂಶ ನನಗೆ ಬಹಳ ಹಿಡಿಸಿತ್ತು. ಅಲ್ಲಿ ಚಾನೆಲ್, ಚಾನೆಲಿನೊಳಗೆ ಟಾಪಿಕ್. ದಾರಿ ತಪ್ಪಿದ ಸಂದೇಶಗಳನ್ನು ಎತ್ತಿ ಬೇರೆ ಟಾಪಿಕ್ಕಿಗೆ ಸಾಗಿಸಬಹುದು. ಆದರೆ ಅದರ ನಡಿಗೆ ಆಫೀಸಿನದು, ದಿನವಿಡೀ ತೆರೆದಿಟ್ಟುಕೊಂಡು ಕೂರುವವರದು. ನಮ್ಮವರು ವಾರಕ್ಕೆರಡು ಸಲ ಕನ್ನಡಕ ಹಾಕಿಕೊಂಡು ಬರುವವರು.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ನಿಂತು ಇಡ್ಲಿ ವಡೆ ತಿನ್ನುತ್ತ ಆರು ಜನ ತೀರ್ಮಾನ ಮಾಡಿದೆವು: ಡಿಸ್ಕೋರ್ಸ್. (ಅಲ್ಲಿ ಕುರ್ಚಿಯಿಲ್ಲ. ಚಟ್ನಿ ಎಷ್ಟು ಸಲ ಬೇಕಾದರೂ ಹಾಕುತ್ತಾರೆ, ಆದರೆ ಕುರ್ಚಿಯಿಲ್ಲ. ಸಭೆ ಹದಿನೈದು ನಿಮಿಷದಲ್ಲಿ ಮುಗಿಯಿತು. ಇನ್ನು ಎಲ್ಲ ಸಭೆಯೂ ಅಲ್ಲೇ ಎಂದು ನನ್ನ ಆಸೆ.)

ಡಿಸ್ಕೋರ್ಸ್ ಬಂದದ್ದು 2013ರಲ್ಲಿ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಜೆಫ್ ಆಟ್‌ವುಡ್ ಮತ್ತು ಜೊತೆಗಾರರ ಕೆಲಸ. ಮುಕ್ತ ತಂತ್ರಾಂಶ, ಹಾಕಿಕೊಳ್ಳಲು ದುಡ್ಡಿಲ್ಲ, ಆದರೆ ಇಡಲು ಜಾಗ ಬೇಕು. ಸದಸ್ಯರೊಬ್ಬರ ಮಗಳು ವೈಟ್‌ಫೀಲ್ಡಿನ ಕಂಪನಿಯಲ್ಲಿದ್ದಾಳೆ. ಒಂದು ಭಾನುವಾರ 2 ಜಿಬಿ ಮೆಮೊರಿಯ ಬಾಡಿಗೆ ಸರ್ವರಿನಲ್ಲಿ ಕೂರಿಸಿಕೊಟ್ಟಳು. ಡೊಮೈನ್ ಹೆಸರು ಬೇಕು, ಮೇಲ್ ಕಳಿಸುವ ಒಂದು ಸೇವೆಯೂ ಬೇಕು. ಅವಳ ಅರ್ಧ ದಿನ ಹೋದದ್ದು ಈ ಇಮೇಲ್ ವ್ಯವಸ್ಥೆಗೆ. ಎಲ್ಲ ಸೇರಿ ತಿಂಗಳಿಗೆ ಸುಮಾರು 1,300 ರೂಪಾಯಿ ಬೀಳುತ್ತಿದೆ. ಮನೆಯಲ್ಲಿ ಇಂಥ ಒಬ್ಬ ಮಗಳಿಲ್ಲದ ಗುಂಪಿಗೆ ನಾನು ಇದನ್ನು ಹೇಳಲಾರೆ.

ಈಗ ಕೋಟಿನ ವಿಷಯಕ್ಕೆ ಬರುತ್ತೇನೆ, ಹದಿನಾಲ್ಕು ತಿಂಗಳಾದರೂ ನನ್ನ ಮೆಚ್ಚುಗೆ ಇಳಿಯದಿರುವುದು ಅಲ್ಲಿಯೇ. ಯಾರದಾದರೂ ಬರಹದಲ್ಲಿ ಬೇಕಾದ ಸಾಲನ್ನು ಬೆರಳಿನಿಂದ ಆರಿಸಿದರೆ ಪಕ್ಕದಲ್ಲಿ ಕೋಟ್ ಎಂಬ ಗುಂಡಿ ಮೂಡುತ್ತದೆ. ಒತ್ತಿದರೆ ಆ ಸಾಲು, ಬರೆದವರ ಹೆಸರಿನೊಂದಿಗೆ, ಉತ್ತರದ ಪೆಟ್ಟಿಗೆಯಲ್ಲಿ ಬಂದು ಕೂರುತ್ತದೆ. ಪೆಟ್ಟಿಗೆ ತೆರೆದಿರುವಾಗಲೇ ಇನ್ನೊಬ್ಬರ ಸಾಲನ್ನೂ ಆರಿಸಿ ಅದರ ಕೆಳಗೆ ಸೇರಿಸಬಹುದು. ಮೂವರಿಗೆ ಒಂದೇ ಉತ್ತರದಲ್ಲಿ, ಅವರವರ ಮಾತಿನ ಕೆಳಗೆ ಅವರವರ ಜವಾಬು. ಓದುವವರಿಗೆ ಕೋಟಿನ ಮೂಲೆಯಲ್ಲಿ ಒಂದು ಬಾಣವಿರುತ್ತದೆ. ಒತ್ತಿದರೆ ಮೂಲ ಬರಹ ಅಲ್ಲೇ ಪೂರ್ತಿ ಬಿಚ್ಚಿಕೊಳ್ಳುತ್ತದೆ, ನೀವು ಇದ್ದ ಜಾಗ ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ. ಶೌಚಾಲಯದ ವಾಕ್ಯವನ್ನು ‘ತಪ್ಪೇನೂ ಇಲ್ಲ’ದವರೆಗೆ ಮಾತ್ರ ಬೇಕೆಂದೇ ಕೋಟ್ ಮಾಡಿ ನೋಡಿದೆ. ಬಾಣ ಒತ್ತಿದೆ. ‘ಒಪ್ಪುವುದಿಲ್ಲ’ ಎದ್ದು ಬಂತು.

ಇನ್ನೊಂದು ಜಾಣತನವಿದೆ. ಯಾರಾದರೂ ತಮಗಿಂತ ಮೇಲಿನ ಬರಹವನ್ನು ಇಡಿಯಾಗಿ ಕೋಟ್ ಮಾಡಿ ಅದರ ಕೆಳಗೇ ಉತ್ತರಿಸಿದರೆ, ಆ ಕೋಟನ್ನು ತಂತ್ರಾಂಶವೇ ಸದ್ದಿಲ್ಲದೆ ತೆಗೆದುಹಾಕುತ್ತದೆ. ಮೂಲ ಅಲ್ಲೇ ಕಣ್ಣೆದುರಿಗಿದೆಯಲ್ಲ, ಮತ್ತೆ ಯಾಕೆ? ನಾನು ಮೇಲ್ ಗುಂಪಿನಲ್ಲಿ ಏಳು ವರ್ಷ ಬೇಡಿಕೊಂಡದ್ದನ್ನು ಇದು ಕೇಳದೆಯೇ ಮಾಡುತ್ತಿದೆ. ಇಮೇಲಿನಿಂದಲೇ ಉತ್ತರಿಸುವವರ ದಿಬ್ಬಣವನ್ನೂ ಕತ್ತರಿಸುತ್ತದೆ. ಕತ್ತರಿಸಬೇಕಾದ ಬಾಲ ಅದೇ.

ಬರಹ ತಿದ್ದಿದರೆ ಪೆನ್ಸಿಲ್ ಗುರುತು ಬರುತ್ತದೆ, ಅದನ್ನು ಒತ್ತಿದರೆ ತೆಗೆದದ್ದು ಕೆಂಪಿನಲ್ಲಿ, ಸೇರಿಸಿದ್ದು ಹಸಿರಿನಲ್ಲಿ. ಇದನ್ನು ಕಂಡ ದಿನ ನಮ್ಮ ಗುಂಪಿನ ಅರ್ಧ ಜನ ಸುಮ್ಮಸುಮ್ಮನೆ ತಮ್ಮ ಬರಹ ತಿದ್ದಿಕೊಂಡು ಆಟವಾಡಿದರು.

ಕಿರಿಕಿರಿಗಳೂ ಇವೆ. ಸೆಟ್ಟಿಂಗ್ಸ್ ಬದಲಿಸದಿದ್ದರೆ ಡಿಸ್ಕೋರ್ಸ್ 20 ಅಕ್ಷರಕ್ಕಿಂತ ಚಿಕ್ಕ ಉತ್ತರವನ್ನು ಒಪ್ಪುವುದಿಲ್ಲ. ‘ಧನ್ಯವಾದಗಳು’ ನಮ್ಮ ಕಣ್ಣಿಗೆ ಆರಕ್ಷರ. ಒತ್ತು, ಕೊಂಬು ಎಲ್ಲ ಬಿಡಿಬಿಡಿಯಾಗಿ ಎಣಿಸುವ ಕಂಪ್ಯೂಟರಿಗೆ 10. ಎರಡು ಲೆಕ್ಕದಲ್ಲೂ ಫೇಲು. ಹಿರಿಯರೊಬ್ಬರು ‘ಧನ್ಯವಾದ ಹೇಳಲೂ ಅಪ್ಪಣೆ ಬೇಕೇನಮ್ಮ?’ ಎಂದು ಫೋನ್ ಮಾಡಿದರು. ಮಿತಿಯನ್ನು ಇಳಿಸಬಹುದು, ನಾನು ಇಳಿಸಲಿಲ್ಲ. ಧನ್ಯವಾದಕ್ಕೆ ಹೃದಯದ ಗುರುತು ಒತ್ತಿ ಎಂದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಕೊಂಡಿಯಲ್ಲಿ ಬರೀ ‘ಟಾಪಿಕ್’ ಎಂದಿರುತ್ತದೆ, ಸೆಟ್ಟಿಂಗ್ಸಿನಲ್ಲಿ ಬದಲಿಸಬೇಕು. ಹುಡುಕಾಟಕ್ಕೆ ನಮ್ಮ ವಿಭಕ್ತಿ ಗೊತ್ತಿಲ್ಲ. ‘ನೀರು’ ಎಂದು ಹುಡುಕಿದರೆ ‘ನೀರಿಗೆ’ ಸಿಗುವುದಿಲ್ಲ. ಅದಕ್ಕೇ ಶೀರ್ಷಿಕೆಯಲ್ಲಿ ಪದ ನಿಘಂಟಿನ ರೂಪದಲ್ಲೇ ಇರಬೇಕೆಂದು ಕಟ್ಟಳೆ ಮಾಡಿದ್ದೇನೆ.

ಡಿಟಿಪಿಯವರ ಕಥೆ ಬೇರೆ. ಅವರು ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಫೈಲಿನಿಂದ ಸಾಲು ತಂದು ಅಂಟಿಸುತ್ತಾರೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿಲ್ಲದ ಆ ಅಕ್ಷರ ಜಾಲಕ್ಕೆ ಬಂದರೆ ‘ಕನ್ನಡ’ ಎಂಬ ಪದವೇ ಪಿ ಅಕ್ಷರ, ಪೌಂಡ್ ಗುರುತು, ಕ್ಯೂ ಅಕ್ಷರಗಳ ಸಾಲಾಗಿ ಕೂರುತ್ತದೆ. ಇದಕ್ಕೆ ಯಾವ ಚರ್ಚಾ ತಂತ್ರಾಂಶವೂ ಮದ್ದಲ್ಲ, ಯೂನಿಕೋಡಿಗೆ ಪರಿವರ್ತಿಸಿ ತರಬೇಕು. ‘ಮೊದಲು ಪರಿವರ್ತಿಸಿ ಸಾರ್’ ಎಂದು ನಾನು, ‘ಆಗಲಿ ಮೇಡಂ’ ಎಂದು ಅವರು. ಇದು ತಿಂಗಳಿಗೊಮ್ಮೆ ನಡೆಯುವ ಸಂಭಾಷಣೆ.

ತಂತ್ರಾಂಶ ಮಾಡಲಾಗದ್ದಕ್ಕೆ ನಾವೇ ಬರೆದುಕೊಂಡ ಮರ್ಯಾದೆಗಳಿವೆ. ಕೋಟ್ ಮಾಡುವಾಗ ಕ್ರಿಯಾಪದದವರೆಗೂ ಹೋಗಬೇಕು, ನಡುವೆ ಬಿಟ್ಟರೆ ಚುಕ್ಕಿ ಇಡಬೇಕು. ಇನ್ನೊಬ್ಬರ ಮಾತನ್ನು ಅವರು ಎತ್ತಿ ಹೇಳಿದ್ದರೆ ‘ಎಂದು’ ಕೂಡ ಸೇರಿರಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯದು: ಕೋಟಿನೊಳಗಿನ ಕಾಗುಣಿತ ತಿದ್ದಬಾರದು. ಬೇರೆ ಗುಂಪಿನವರಿಗೆ ಇದು ನಗೆಯಾದೀತು. ನಮ್ಮವರ ಕೈ ತಡೆಯುವುದಿಲ್ಲ. ‘ಶುಭಾಷಯ’ ಎಂದು ಕಂಡರೆ ಕೋಟಿನೊಳಗೇ ‘ಶುಭಾಶಯ’ ಮಾಡಿ, ಆಮೇಲೆ ಕೆಳಗೆ ‘ನಿಮ್ಮ ಕಾಗುಣಿತ ತಪ್ಪಿದೆ’ ಎಂದು ಬರೆಯುತ್ತಾರೆ. ಓದುವವರಿಗೆ ತಪ್ಪೇ ಕಾಣುವುದಿಲ್ಲ. ನಾನೇ ಎರಡು ಸಲ ಮಾಡಿದ್ದೇನೆ.

ಮೇಷ್ಟ್ರು ಮೂರನೆಯ ತಿಂಗಳಲ್ಲಿ ಬಂದರು. ಮೊನ್ನೆ ‘ಚಾಲನೆ ನೀಡಿದರು’ ಎಂಬ ಪತ್ರಿಕಾ ಪ್ರಯೋಗದ ಮೇಲೆ ಒಬ್ಬರು ಆರು ಸಾಲಿನ ವಾದ ಬರೆದು ‘ಎಂದರೆ ನಾನು ಒಪ್ಪುವುದಿಲ್ಲ’ ಎಂದು ಮುಗಿಸಿದ್ದರು. ಮೇಷ್ಟ್ರು ಕೊನೆಯ ಎರಡು ಪದಗಳನ್ನಷ್ಟೇ ಕೋಟ್ ಮಾಡಿ, ಕೆಳಗೆ ತಮ್ಮ ಉತ್ತರ ಬರೆದಿದ್ದರು. ಮೇಲ್ವಿಚಾರಕಿಯಾಗಿ ಹೇಳದೆ ವಿಧಿಯಿರಲಿಲ್ಲ. ‘ಪೂರ್ತಿ ವಾಕ್ಯ ಹಾಕಬೇಕಿತ್ತು ಮೇಷ್ಟ್ರೇ’ ಎಂದೆ.

‘ಬಾಲ ಇದೆಯಲ್ಲಮ್ಮ’ ಎಂದು ಉತ್ತರ ಬಂತು.