ಓಬವ್ವನ ವೇಷಕ್ಕೆ 450 ರೂಪಾಯಿ, ಅರಿಸಿನ-ಎಣ್ಣೆ ಪುಕ್ಕಟೆ: ನಮ್ಮ ಬೀದಿ ಅಂಗನವಾಡಿ ಬಗ್ಗೆ

ನಾನು ಟಿ. ನರಸೀಪುರದಲ್ಲಿ ಬ್ಲೌಸ್ ಹೊಲಿಯೋಳು. ಅಕ್ಟೋಬರ್ ಕೊನೇ ವಾರ ಬಂತು ಅಂದ್ರೆ ನನ್ನ ಮಿಷನ್ ಮೇಲೆ ಬ್ಲೌಸ್ ಇರಲ್ಲ, ಗೇಣುದ್ದದ ಕಚ್ಚೆ ಸೀರೆಗಳಿರ್ತವೆ. ನವೆಂಬರ್ 1ಕ್ಕೆ ಓಬವ್ವ, ಚೆನ್ನಮ್ಮ. 14ಕ್ಕೆ ನೆಹರು ಕೋಟು. ಅದಕ್ಕೂ ಮುಂಚೆ ಕೃಷ್ಣ-ರಾಧೆ. ಬರೋ ಕಾಸು ಬೇಡ ಅನ್ನೋಳಲ್ಲ ನಾನು. ಆದ್ರೂ ಎರಡು ಮಕ್ಕಳನ್ನ ಎರಡು ಕಡೆ ಕಳಿಸಿ ನೋಡಿರೋದ್ರಿಂದ ಬರೀತಿದೀನಿ. ನರ್ಸರಿ ಹುಡುಕ್ತಿರೋರಿಗೆ ಉಪಯೋಗ ಆದೀತು.

ದೊಡ್ಡವಳು ಹೋಗಿದ್ದು ಒಂದು ಪ್ಲೇಹೋಮ್‌ಗೆ. ಹೆಸರು ಬೇಡ ಬಿಡಿ. ಗೋಡೆ ತುಂಬ ಬಣ್ಣ, ಎಸಿ, ತಿಂಗಳಿಗೆ ಮೂರು "ದಿನ". ಹಳದಿ ದಿನ, ಹಣ್ಣಿನ ದಿನ, ಭೂಮಿ ದಿನ. ಹಿಂದಿನ ರಾತ್ರಿ ಒಂಬತ್ತಕ್ಕೆ ಗ್ರೂಪಲ್ಲಿ ಮೆಸೇಜು: ನಾಳೆ ಮಗು ಇಂಥಾ ಬಟ್ಟೇಲಿ ಬರಬೇಕು. ರಾಜ್ಯೋತ್ಸವಕ್ಕೆ ಇವಳಿಗೆ ಒನಕೆ ಓಬವ್ವ ಬಂತು. ಸೀರೆ ನಾನೇ ಹೊಲಿದೆ. ಒನಕೆ, ಡಾಬು, ಸವರಿ ಎಲ್ಲ ಸೇರಿ ಅಂಗಡಿಯಲ್ಲಿ ಬಾಡಿಗೆ 450. ಮೂರು ವರ್ಷದ ಮಗು ಸವರಿ ಭಾರಕ್ಕೆ ಕತ್ತು ವಾಲಿಸ್ಕೊಂಡು ನಿಂತಿತ್ತು. ಬಾಯಿಪಾಠ ಮಾಡಿಸಿದ್ದ ಮಾತು ಇಂಗ್ಲಿಷ್‌ನಲ್ಲಿ, ಅದೂ ಕನ್ನಡ ರಾಜ್ಯೋತ್ಸವಕ್ಕೆ! ಎರಡು ಫೋಟೋ ತೆಗೆದ್ರು, ಆಯ್ತು. ಮನೆಗೆ ಬಂದು "ಈ ಕೋಲು ಯಾತಕ್ಕಮ್ಮಾ?" ಅಂತ ಕೇಳಿದ್ಲು. ಚಿತ್ರದುರ್ಗದ ಕೋಟೆ, ಹೈದರಾಲಿ ಸೈನಿಕರು ನುಸುಳಿ ಬಂದ ಕಿಂಡಿ, ನೀರಿಗೆ ಅಂತ ಹೋಗಿ ಅವರನ್ನ ನೋಡಿದ ಓಬವ್ವ, ಎಲ್ಲ ನಾನು ಅನ್ನ ಕಲೆಸ್ತಾ ಹೇಳಿದೆ. ತಲೆ ಒಡೆಯೋ ಜಾಗ ಬಂದಾಗ ಸ್ವಲ್ಪ ಜಾರಿಸಿದೆ.

ಮಾರ್ಚ್ 21ಕ್ಕೆ ಇನ್ನೊಂದು ಮೆಸೇಜು: ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸ್ ಹಾಕಿ ಕಳಿಸಿ. ಯಾಕೆ ಅಂತ ಇಲ್ಲ. ಒಂದು ಕೆಂಪು, ಒಂದು ನೀಲಿ ಹಾಕಿ ಕಳಿಸಿದೆ. ಆಮೇಲೆ ಗೊತ್ತಾಯ್ತು, ಅದು ಡೌನ್ ಸಿಂಡ್ರೋಮ್ ದಿನ. ಹುಟ್ಟಿನಿಂದಲೇ ಮಗುವಿನ ಬೆಳವಣಿಗೆ, ಕಲಿಕೆ ನಿಧಾನ ಆಗೋ ಸ್ಥಿತಿ ಅದು. ಜೀವಕೋಶದೊಳಗೆ ವಂಶದ ಗುಣ ಹೊರೋ ಎಳೆಗಳು, ಅಂದ್ರೆ ಕ್ರೋಮೋಸೋಮುಗಳಲ್ಲಿ 21ನೇದು ಎರಡರ ಬದಲು ಮೂರಿರುತ್ತಲ್ಲ, ಅದಕ್ಕೇ ಮೂರನೇ ತಿಂಗಳ 21. ಕ್ರೋಮೋಸೋಮು ನೋಡೋಕೆ ಸಾಕ್ಸ್ ಥರ ಅಂತ ಸಾಕ್ಸು. ಒಳ್ಳೇ ಯೋಚನೆನೇ. ಆದ್ರೆ ಆ ಪ್ಲೇಹೋಮ್‌ನಲ್ಲಿ ಅಂಥಾ ಮಗು ಒಂದೂ ಇರಲಿಲ್ಲ.

ಚಿಕ್ಕವನ ಸರದಿ ಬಂದಾಗ ಫೀಸು ಕಟ್ಟೋ ಶಕ್ತಿ ಇರಲಿಲ್ಲ, ನಿಜ ಹೇಳ್ಬೇಕಲ್ಲ. ನಮ್ಮ ಬೀದಿ ಅಂಗನವಾಡಿಗೆ ಸೇರಿಸಿದೆ. ನಮ್ಮತ್ತೆಗೆ ಅದೇ ಹೆಮ್ಮೆ. 1975ರಲ್ಲಿ ಗಾಂಧಿ ಜಯಂತಿ ದಿನ ರಾಜ್ಯದಲ್ಲೇ ಮೊದಲು ಅಂಗನವಾಡಿ ಯೋಜನೆ ಶುರುವಾಗಿದ್ದು ನಮ್ಮ ನರಸೀಪುರದಲ್ಲೇ ಅಲ್ವಾ.

ಇಲ್ಲಿ ವೇಷ ಇಲ್ಲ. ಅಕ್ಟೋಬರ್ 15, ಕೈ ತೊಳೆಯೋ ದಿನ. ಅವತ್ತು ಟೀಚರ್ ಮಾಡಿದ್ದನ್ನ ಬಾಗಿಲಲ್ಲಿ ನಿಂತು ನೋಡಿದೆ. ಕೊಬ್ಬರಿ ಎಣ್ಣೆಗೆ ಅರಿಸಿನ ಕಲೆಸಿ ಒಂದೊಂದು ಮಗುವಿನ ಅಂಗೈಗೂ ಹಚ್ಚಿದ್ರು. "ಇದೇ ಕೊಳೆ ಅಂದ್ಕೊಳ್ಳಿ, ತೊಳ್ಕೊಂಡು ಬನ್ನಿ" ಅಂದ್ರು. ಸಹಾಯಕಿ ಚೊಂಬಲ್ಲಿ ನೀರು ಬಿಟ್ರು. ಹೋಗಲಿಲ್ಲ. ಮಕ್ಕಳು ಉಜ್ಜಿದ್ರು, ಚಡ್ಡಿಗೆ ಒರೆಸ್ಕೊಂಡ್ರು, ಇನ್ನೂ ಹಳದಿ. ಆಮೇಲೆ ಸೋಪು ಕೊಟ್ರು. ಬೆರಳ ಸಂದಿ, ಉಗುರ ಸುತ್ತ ಉಳ್ಕೊಂಡಿದ್ದನ್ನ ಒಬ್ಬರಿಗೊಬ್ರು ತೋರಿಸ್ಕೊಂಡು ಮತ್ತೆ ಉಜ್ಜಿದ್ರು. ಆರು ಚಡ್ಡಿ ಹಾಳಾಯ್ತು, ನಮ್ಮವನದ್ದೂ ಸೇರಿ. ಆದ್ರೆ ಇವತ್ತಿಗೂ ಊಟಕ್ಕೆ ಮುಂಚೆ ಬೆರಳ ಸಂದಿ ತೋರಿಸಿ "ಹಳದಿ ಹೋಯ್ತಾ?" ಅಂತಾನೆ.

ಸೆಪ್ಟೆಂಬರ್ ಪೋಷಣ್ ಮಾಸದಲ್ಲಿ ತಾಯಂದಿರು ಸೇರಿ ಕಾಳಲ್ಲಿ ರಂಗೋಲಿ ಹಾಕಿದ್ವಿ. ಅಂಚಿಗೆ ರಾಗಿ, ಎಸಳಿಗೆ ಹೆಸರುಕಾಳು, ನಡುವೆ ಕಡಲೆಬೀಜ. ನಾವು ಮುಗಿಸೋದ್ರೊಳಗೆ ನಡುವಿನ ಹೂವು ಮಕ್ಕಳ ಹೊಟ್ಟೇಲಿತ್ತು. ಸಂಕ್ರಾಂತಿಗೆ ಎಳ್ಳು-ಬೆಲ್ಲ ಅಲ್ಲೇ ಬೆರೆಸಿದ್ರು, ಒಂದೊಂದು ಬಟ್ಟಲಿಗೂ ಒಂದೊಂದು ಮಗು. ಹಿಂದಿನ ಬೀದಿ ಮಗುವಿನ ಅಮ್ಮ ರಂಜಾನಿಗೆ ಶೀರ್ ಕುರ್ಮಾ ಕಳಿಸಿದಾಗ ಟೀಚರ್ ಎಲ್ಲರ ಲೋಟಕ್ಕೂ ಹಾಕಿದ್ರು. ನಮ್ಮವನ ಪಾಲಿಗೆ ಅದು "ಖರ್ಜೂರದ ಪಾಯಸದ ಹಬ್ಬ".

ಲೋಪ ಇಲ್ಲ ಅಂತಲ್ಲ. ಕೋಣೆ ಒಂದೇ, ಅಡುಗೆ ಹೊಗೆ ಪಾಠದ ಕಡೆಗೇ ಬರುತ್ತೆ. ಶೌಚಾಲಯದ ಚಿಲಕ ಸರಿಯಿಲ್ಲ, ಹೇಳಿ ಹೇಳಿ ಸಾಕಾಯ್ತು. ಫೋಟೋ ಇಲ್ಲೂ ತಪ್ಪಿದ್ದಲ್ಲ. ಟೀಚರ್ ಪಾಪ, ಮೊಬೈಲ್ ಆ್ಯಪ್‌ಗೆ ಹಾಕೋಕೆ ಅಂತ ಕಾರ್ಯಕ್ರಮದ ನಡುವೆ ನೆಟ್‌ವರ್ಕ್ ಹುಡುಕ್ಕೊಂಡು ಆಚೆ ಹೋಗ್ತಾರೆ. ಅಷ್ಟರಲ್ಲಿ ಮಕ್ಕಳು ಬ್ಯಾನರ್ ಕೀಳ್ತವೆ. ಎಬಿಸಿಡಿ ಬರೆಸಲ್ಲ ಅಂತ ಗೊಣಗೋರೂ ಇದಾರೆ. ಅದೇ ಬೇಕಿದ್ರೆ ಬೇರೆ ಕಡೆ ನೋಡ್ಕೊಳ್ಳಿ. ಫೀಸಿಲ್ಲ, ಬಿಸಿಯೂಟ ಇದೆ, ವಾರಕ್ಕೆರಡು ದಿನ ಮೊಟ್ಟೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಚಿಲಕ ಸರಿಹೋದ ದಿನ ಇನ್ನರ್ಧ ಸೇರಿಸ್ತೀನಿ.

ಮಾರ್ಚ್ 21ಕ್ಕೆ ಇಲ್ಲಿ ಏನೂ ಮಾಡಲಿಲ್ಲ. ಯಾರೂ ಸಾಕ್ಸ್ ಹಾಕಲ್ಲ, ಬಾಗಿಲಲ್ಲಿ ಬರೀ ಚಪ್ಪಲಿ. ಆದ್ರೆ ಇಲ್ಲಿ ಡೌನ್ ಸಿಂಡ್ರೋಮ್ ಇರೋ ಹುಡುಗ ಒಬ್ಬ ಇದಾನೆ, ಐದು ವರ್ಷ. ಊಟಕ್ಕೆ ಮುಂಚೆ ಸ್ಟೀಲ್ ತಟ್ಟೆ ಬಡಿದು ಎಲ್ಲರನ್ನೂ ಕೂರಿಸೋ ಕೆಲಸ ಅವನದ್ದು. ಸಾಲು ಸೊಟ್ಟ ಇದ್ರೆ ನಿಲ್ಲಿಸೋದೇ ಇಲ್ಲ, ಬಡೀತಾನೇ ಇರ್ತಾನೆ. ನಮ್ಮವನು ದಿನಾ ಬಂದು ನನ್ನ ಹತ್ರ ದೂರು ಹೇಳ್ತಾನೆ: "ಯಾವಾಗ್ಲೂ ಅವನೇ ಬಡೀತಾನಮ್ಮ. ನನಗ್ಯಾವಾಗ ಕೊಡ್ತಾರೆ?"