ಅಡಿಕೆ ಡ್ರೈಯರ್‌ನೊಳಗೆ ಫ್ರೀಆರ್‌ಟಿಒಎಸ್: ಆರು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಸುಲಿದು ಚೊಗರಿನಲ್ಲಿ ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ ಮೋಡ ನೋಡುತ್ತಾ ಕೂರಲಾಗದೆ ಸೌದೆ ಒಲೆಯ ಡ್ರೈಯರ್ ಇಟ್ಟುಕೊಂಡವರಿದ್ದಾರೆ. ಒಲೆಗೆ ಗಾಳಿ ಊದುವ ಬ್ಲೋವರನ್ನು ಒಳಗಿನ ಬಿಸಿ ನೋಡಿಕೊಂಡು ಓಡಿಸುವ, ನಿಲ್ಲಿಸುವ ಸಣ್ಣ ಕಂಟ್ರೋಲರ್ ಬೋರ್ಡ್ ಮಾಡಿಕೊಡುವುದು ನನ್ನ ಕೆಲಸ. ಚಿಪ್ ಎಸ್‌ಟಿಎಂ32ಎಫ್103, 72 ಮೆಗಾಹರ್ಟ್ಸ್ ವೇಗ, 20 ಕೆಬಿ ರ‍್ಯಾಮ್. ಅದರ ಮೇಲೆ ಆರು ವರ್ಷದಿಂದ ಓಡುತ್ತಿರುವುದು ಫ್ರೀಆರ್‌ಟಿಒಎಸ್, ಅಂದರೆ ಇಂಥ ಸಣ್ಣ ಚಿಪ್‌ನಲ್ಲಿ ಹಲವು ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಪುಟ್ಟ ಆಪರೇಟಿಂಗ್ ಸಿಸ್ಟಂ.

ರಿಚರ್ಡ್ ಬ್ಯಾರಿ 2003ರ ಸುಮಾರಿಗೆ ಆರಂಭಿಸಿದ ಈ ಕರ್ನಲ್ 2017ರಲ್ಲಿ ಅಮೆಜಾನ್ ಆಶ್ರಯಕ್ಕೆ ಬಂತು, ಎಂಐಟಿ ಲೈಸೆನ್ಸ್ ಪಡೆಯಿತು. ಕಾಸಿಲ್ಲದೆ ಸಿಗುತ್ತದೆ, ಮೂಲ ಕೋಡ್ ಕೆಲವೇ ಫೈಲುಗಳಲ್ಲಿ ಮುಗಿಯುತ್ತದೆ. ಒಬ್ಬನೇ ಕೂತು ಓದಿ ಅರ್ಥ ಮಾಡಿಕೊಳ್ಳಬಹುದು ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

ಯಾವ ಕೆಲಸಕ್ಕೆ ಯಾವಾಗ ಪ್ರೊಸೆಸರ್ ಎಂದು ತೀರ್ಮಾನಿಸುವ ಶೆಡ್ಯೂಲರ್ ವಿಷಯಕ್ಕೆ ಬರುತ್ತೇನೆ. ಥ್ರೆಡ್‌ಗೆ, ಅಂದರೆ ತನ್ನಷ್ಟಕ್ಕೆ ಓಡುವ ಒಂದೊಂದು ಕೆಲಸಕ್ಕೆ, ಇಲ್ಲಿ ಟಾಸ್ಕ್ ಎಂದು ಹೆಸರು. ಪ್ರತಿ ಟಾಸ್ಕ್‌ಗೂ ನಾವೇ ಒಂದು ಪ್ರಯಾರಿಟಿ ಸಂಖ್ಯೆ ಕೊಡುತ್ತೇವೆ. ಓಡಲು ತಯಾರಿರುವವರಲ್ಲಿ ದೊಡ್ಡ ಸಂಖ್ಯೆಯವನಿಗೆ ಪ್ರೊಸೆಸರ್. ಅವನಿಗಿಂತ ದೊಡ್ಡವನು ಎದ್ದ ಕ್ಷಣವೇ ಶೆಡ್ಯೂಲರ್ ಇವನನ್ನು ಬದಿಗೆ ಸರಿಸುತ್ತದೆ. ನನ್ನ ಚಿಪ್‌ನೊಳಗಿನ ಕಾರ್ಟೆಕ್ಸ್-ಎಂ3 ಪ್ರೊಸೆಸರ್‌ನಲ್ಲಿ ಯಾರು ಮುಂದಿನವರೆಂದು ಹುಡುಕಲು 32 ಬಿಟ್‌ನ ಒಂದು ನಕ್ಷೆಯನ್ನೂ, ಅದರ ಮುಂಭಾಗದ ಸೊನ್ನೆಗಳನ್ನು ಎಣಿಸುವ ಒಂದೇ ಒಂದು ಯಂತ್ರಾಜ್ಞೆಯನ್ನೂ ಬಳಸಿಕೊಳ್ಳಬಹುದು. ಹಾಗಾಗಿ ಟಾಸ್ಕ್ ಮೂರಿರಲಿ ಹದಿಮೂರಿರಲಿ, ಆಯ್ಕೆಗೆ ಹಿಡಿಯುವ ಹೊತ್ತು ಅಷ್ಟೇ. ಪ್ರತಿಯಾಗಿ ಪ್ರಯಾರಿಟಿ ಮಟ್ಟಗಳು 32 ದಾಟುವಂತಿಲ್ಲ. ನನಗೆ ಐದೇ ಸಾಕಾಗಿದೆ.

ನನ್ನ ಬೋರ್ಡ್‌ನಲ್ಲಿ ಮುಖ್ಯವಾಗಿ ಮೂರು ಟಾಸ್ಕ್. ಮೇಲಿನದು ಬಿಸಿ ನೋಡುವುದು: ಸೆಕೆಂಡಿಗೊಮ್ಮೆ ಥರ್ಮೋಕಪಲ್ ಓದಿ ಬ್ಲೋವರ್ ತೀರ್ಮಾನಿಸುತ್ತದೆ, ವಾಚ್‌ಡಾಗ್‌ಗೆ (ಸುದ್ದಿ ಬಾರದಿದ್ದರೆ ಬೋರ್ಡನ್ನು ರೀಸೆಟ್ ಮಾಡುವ ಕಾವಲು ಟೈಮರ್‌ಗೆ) ‘ಬದುಕಿದ್ದೇನೆ’ ಎಂದು ತಿಳಿಸುತ್ತದೆ. ನಡುವಿನದು ಜಿಎಸ್‌ಎಂ ಮೋಡೆಮ್: ಬಿಸಿ ಮಿತಿ ಮೀರಿದರೆ ಮನೆಯವರಿಗೆ ಮೆಸೇಜ್. ಕೆಳಗಿನದು ಎಸ್‌ಡಿ ಕಾರ್ಡ್‌ಗೆ ದಾಖಲೆ ಬರೆಯುವುದು. ಥರ್ಮೋಕಪಲ್ ಚಿಪ್ಪೂ ಎಸ್‌ಡಿ ಕಾರ್ಡೂ ಒಂದೇ ಎಸ್‌ಪಿಐ ಬಸ್‌ನಲ್ಲಿ (ಚಿಪ್‌ಗಳ ನಡುವೆ ಮಾಹಿತಿ ಸಾಗುವ ತಂತಿಗಳಲ್ಲಿ) ಇದ್ದುದರಿಂದ, ಒಬ್ಬರು ಬಳಸುವಾಗ ಇನ್ನೊಬ್ಬರು ಕಾಯಲಿ ಎಂದು ಬೈನರಿ ಸೆಮಾಫೋರ್ ಎಂಬ ಒಂದು ಬೀಗ ಇಟ್ಟಿದ್ದೆ.

ಮೊದಲ ಎರಡು ಹಂಗಾಮು ತೊಂದರೆಯಿಲ್ಲದೆ ಕಳೆಯಿತು. ಮೂರನೆಯ ವರ್ಷ, ಬಿಡದೆ ಹೊಡೆದ ಮಳೆಯ ಒಂದು ರಾತ್ರಿ, ಸೋದರಮಾವನ ಫೋನ್ ಬಂತು. ಅದೂ ಲ್ಯಾಂಡ್‌ಲೈನ್‌ನಿಂದ. “ಇದೆಂತ ಮಾರಾಯ, ನಿನ್ನ ಡಬ್ಬಿ ಸತ್ತು ಸತ್ತು ಹುಟ್ತದಲ್ಲ! ಒಲೆ ಆರ್ತಾ ಬಂತು.” ಬೆಳಿಗ್ಗೆ ಹೋಗಿ ನೋಡಿದರೆ ಬೋರ್ಡ್ ಆರಾಮಾಗಿತ್ತು. ಮನೆಗೆ ತಂದು ಮೇಜಿನ ಮೇಲೆ ವಾರಗಟ್ಟಲೆ ಓಡಿಸಿದೆ, ಒಮ್ಮೆಯೂ ಕೈಕೊಡಲಿಲ್ಲ.

ಸುಳಿವು ಕೊಟ್ಟದ್ದು ಆ ಲ್ಯಾಂಡ್‌ಲೈನ್. ಅವತ್ತು ಟವರ್ ಸತ್ತಿತ್ತು, ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ಮೇಜಿನ ಮೇಲಿದ್ದ ಮೋಡೆಮ್‌ನ ಆಂಟೆನಾ ಬಿಚ್ಚಿದೆ. ಸ್ವಲ್ಪ ಹೊತ್ತಿಗೆ ರೀಸೆಟ್!

ಫ್ರೀಆರ್‌ಟಿಒಎಸ್‌ನಲ್ಲಿ ಟಾಸ್ಕ್ ಬದಲಾಗುವಾಗಲೆಲ್ಲ ನಮ್ಮ ಕೋಡ್ ಒಂದು ಸಾಲು ಓಡಿಸಲು ಜಾಗ ಬಿಟ್ಟಿದ್ದಾರೆ. ಇದಕ್ಕೆ ನಾನು ಋಣಿ. ಓಡುವಾಗ ಏರುವಂತೆ ಟಾಸ್ಕ್‌ಗೊಂದು ಪಿನ್ ಕೊಟ್ಟು, ಪಿನ್‌ಗಳ ಏರಿಳಿತವನ್ನು ಗೆರೆಯಾಗಿ ತೋರಿಸುವ ಲಾಜಿಕ್ ಅನಲೈಸರ್ ಹಚ್ಚಿ ಕೂತೆ. ಜಿಎಸ್‌ಎಂ ಗೆರೆ ಎದ್ದದ್ದು ಇಳಿಯಲೇ ಇಲ್ಲ. ದಾಖಲೆಯ ಟಾಸ್ಕ್ ಬಸ್ಸಿನ ಬೀಗ ಹಿಡಿದುಕೊಂಡಿದ್ದಾಗಲೇ ಜಿಎಸ್‌ಎಂ ಎದ್ದು, ಮೋಡೆಮ್ ಉತ್ತರಕ್ಕಾಗಿ ಸುಮ್ಮನೆ ಲೂಪ್‌ನಲ್ಲಿ ಗಿರಕಿ ಹೊಡೆಯುತ್ತಿತ್ತು. ಬಿಸಿ ನೋಡುವವನು ಬೀಗಕ್ಕಾಗಿ ಕಾದ. ಬೀಗ ಬಿಡಬೇಕಾದವನಿಗೆ ಪ್ರೊಸೆಸರೇ ಸಿಗಲಿಲ್ಲ, ಏಕೆಂದರೆ ನಡುವಿನವನು ಅವನಿಗಿಂತ ದೊಡ್ಡವನು. ವಾಚ್‌ಡಾಗ್ ಎಂಟು ಸೆಕೆಂಡ್ ನೋಡಿ ಬೋರ್ಡನ್ನು ರೀಸೆಟ್ ಮಾಡಿತು. ಎದ್ದ ಮೇಲೆ ಮತ್ತೆ ನೆಟ್‌ವರ್ಕ್ ಹುಡುಕಾಟ, ಮತ್ತೆ ಅದೇ ಕಥೆ. ಪ್ರತಿ ಸಲವೂ ಬ್ಲೋವರ್ ನಿಂತು ನಿಂತು ಒಲೆ ಮಂಕಾಗಿತ್ತು.

ಇದಕ್ಕೆ ಪ್ರಯಾರಿಟಿ ಇನ್ವರ್ಷನ್ ಎನ್ನುತ್ತಾರೆ. 1997ರ ಜುಲೈನಲ್ಲಿ ಮಂಗಳ ಗ್ರಹಕ್ಕಿಳಿದ ಪಾತ್‌ಫೈಂಡರ್ ನೌಕೆ ಪದೇ ಪದೇ ರೀಸೆಟ್ ಆದದ್ದು ಇದೇ ಕಾರಣಕ್ಕೆ. ಅಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ಇಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಬೀಗ ಹಿಡಿದವನು ಹವಾಮಾನ ದಾಖಲಿಸುವ ಟಾಸ್ಕ್, ಅಡ್ಡ ಬಂದವನು ಸಂಪರ್ಕದ ಟಾಸ್ಕ್. ಓದಿದಾಗ ನನ್ನ ಬೋರ್ಡ್‌ನ ಚಿತ್ರವೇ ಕಣ್ಣ ಮುಂದೆ ಬಂತು. ಅವರು ಭೂಮಿಯಿಂದಲೇ ಮ್ಯೂಟೆಕ್ಸ್ ಎಂಬ ಬಗೆಯ ಬೀಗದ ಪ್ರಯಾರಿಟಿ ಇನ್‌ಹೆರಿಟೆನ್ಸ್ ಆನ್ ಮಾಡಿ ಸರಿಪಡಿಸಿದರು.

ಫ್ರೀಆರ್‌ಟಿಒಎಸ್‌ನಲ್ಲೂ ಮದ್ದು ಅದೇ. ಬೈನರಿ ಸೆಮಾಫೋರ್‌ಗೆ ಆ ಗುಣವಿಲ್ಲ, ಮ್ಯೂಟೆಕ್ಸ್‌ಗಿದೆ: ದೊಡ್ಡವನು ಕಾಯುವಷ್ಟು ಹೊತ್ತು ಬೀಗ ಹಿಡಿದ ಸಣ್ಣವನಿಗೆ ದೊಡ್ಡವನ ಪ್ರಯಾರಿಟಿಯೇ ಸಿಗುತ್ತದೆ. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ, ಓದದೆ ಬಿಟ್ಟದ್ದು ನಾನು. ಬದಲಾದದ್ದು ಒಂದು ಸಾಲು. ಆದರೆ ನಿಜವಾದ ಸುಧಾರಣೆ ಬಂದದ್ದು ಜಿಎಸ್‌ಎಂ ಟಾಸ್ಕನ್ನು ಹೊಸದಾಗಿ ಬರೆದಾಗ. ಈಗ ಅದು ಗಿರಕಿ ಹೊಡೆಯುವುದಿಲ್ಲ, ಮಲಗುತ್ತದೆ. ಮೋಡೆಮ್‌ನಿಂದ ಸಾಲು ಬಂದಾಗ ಸೀರಿಯಲ್ ಇಂಟರಪ್ಟ್ ಒಂದು ಟಾಸ್ಕ್ ನೋಟಿಫಿಕೇಶನ್ ಕಳಿಸಿ ಎಬ್ಬಿಸುತ್ತದೆ, ಬಾರದಿದ್ದರೆ ಟೈಮ್‌ಔಟ್. ಎಸ್‌ಡಿ ಕಾರ್ಡ್ ಒಂದು ಬ್ಲಾಕ್ ಬರೆಯಲು 250 ಮಿಲಿಸೆಕೆಂಡ್‌ವರೆಗೆ ಹಿಡಿಯಬಹುದು; ಸೆಕೆಂಡಿಗೊಮ್ಮೆ ಓದುವವನು ಅಷ್ಟು ತಡೆದುಕೊಳ್ಳುತ್ತಾನೆ.

ಇನ್ನೊಂದು ಮಾತು ಹೇಳಲೇಬೇಕು. ಲಿಯು ಮತ್ತು ಲೇಲ್ಯಾಂಡ್ ಎಂಬ ಸಂಶೋಧಕರು 1973ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಬೇಗ ಬೇಗ ಬರುವ ಟಾಸ್ಕ್‌ಗೆ ಹೆಚ್ಚು ಪ್ರಯಾರಿಟಿ ಕೊಟ್ಟರೆ, ಮೂರು ಟಾಸ್ಕ್‌ಗಳಿದ್ದಾಗ ಪ್ರೊಸೆಸರ್ ಹೊರೆ ಸುಮಾರು ಶೇ 78ರೊಳಗಿದ್ದರೆ ಯಾರಿಗೂ ಗಡುವು ತಪ್ಪುವುದಿಲ್ಲ. ನನ್ನ ಹೊರೆ ಅದಕ್ಕಿಂತ ಎಷ್ಟೋ ಕೆಳಗಿದೆ ಎಂದು ಧೈರ್ಯವಾಗಿದ್ದೆ. ಆದರೆ ಆ ಲೆಕ್ಕ ನಿಂತಿರುವುದು ಟಾಸ್ಕ್‌ಗಳು ಒಬ್ಬರಿಗೊಬ್ಬರು ಕಾಯುವುದಿಲ್ಲ ಎಂಬ ಷರತ್ತಿನ ಮೇಲೆ. ನನ್ನ ಬೀಗ ಆ ಷರತ್ತನ್ನೇ ಮುರಿದಿತ್ತು. ನೆಟ್‌ವರ್ಕ್ ಇಲ್ಲದ ಹೊತ್ತಿನ ಗಿರಕಿಯನ್ನಂತೂ ನಾನು ಹೊರೆ ಎಂದು ಎಣಿಸಿಯೇ ಇರಲಿಲ್ಲ. ಶೆಡ್ಯೂಲರ್ ನಿಧಾನ ಎಂದು ಟಿಕ್ (ಅದರ ಗಡಿಯಾರದ ಮಿಡಿತ) ದರ ಹೆಚ್ಚಿಸಲು ಹೊರಡುವವರು ಮೊದಲು ಯಾರು ಯಾರಿಗಾಗಿ ಕಾಯುತ್ತಾರೆಂದು ಕಾಗದದ ಮೇಲೆ ಬರೆಯಲಿ.

ಸಣ್ಣ ಸಂಗತಿ: ‘ಒಂದು ಸೆಕೆಂಡ್ ಮಲಗು’ ಎಂಬ ಸಾಮಾನ್ಯ ಆಜ್ಞೆ ಕೆಲಸ ಮುಗಿದ ಮೇಲಿನಿಂದ ಎಣಿಸುತ್ತದೆ. ಕೆಲಸಕ್ಕೆ 20 ಮಿಲಿಸೆಕೆಂಡ್ ಹಿಡಿದರೆ ಗಂಟೆಗೆ 3600ರ ಬದಲು 3529 ಓದು. ಹಿಂದಿನ ಏಳುವ ಹೊತ್ತಿನಿಂದ ಎಣಿಸುವ ಇನ್ನೊಂದು ಆಜ್ಞೆಯಿದೆ, ಅದನ್ನೇ ಬಳಸಿ.

ಕೊರತೆಗಳೂ ಇವೆ. ಇನ್‌ಹೆರಿಟೆನ್ಸ್ ಸರಳ ರೂಪದ್ದು: ಒಂದು ಟಾಸ್ಕ್ ಎರಡು ಮ್ಯೂಟೆಕ್ಸ್ ಹಿಡಿದಿದ್ದರೆ, ಎರಡನ್ನೂ ಬಿಡುವವರೆಗೆ ಏರಿದ ಪ್ರಯಾರಿಟಿ ಸಾಮಾನ್ಯವಾಗಿ ಇಳಿಯುವುದಿಲ್ಲ. ಝೆಫಿರ್ ಎಂಬ ಇಂಥದ್ದೇ ಇನ್ನೊಂದು ಸಿಸ್ಟಂನಲ್ಲಾದರೆ ತಯಾರಿರುವ ಥ್ರೆಡ್‌ಗಳ ಸಾಲನ್ನು ಸರಳ ಪಟ್ಟಿಯಾಗಿಯೋ ಕೆಂಪು-ಕಪ್ಪು ಮರವಾಗಿಯೋ (ಬೇಗ ಹುಡುಕಲಾಗುವಂತೆ ಕವಲುಗಳಾಗಿ ಜೋಡಿಸಿದ ರಚನೆ) ಇಡುವ ಆಯ್ಕೆಯಿದೆ, ಗಡುವು ನೋಡಿ ಆರಿಸುವ ಅನುಕೂಲವೂ ಇದೆ. ಅಲ್ಲಿಗೆ ಹೋಗುವವರು ನೆನಪಿಡಿ: ಅಲ್ಲಿ ಸಣ್ಣ ಸಂಖ್ಯೆಯೇ ಹೆಚ್ಚಿನ ಪ್ರಯಾರಿಟಿ, ಇಲ್ಲಿ ದೊಡ್ಡದು. 20 ಕೆಬಿ ಬೋರ್ಡ್‌ಗೆ ನಾನು ಬದಲಾಯಿಸುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಒಂದು ಅಂಕ ಕಳೆದದ್ದು ಬ್ಯಾಟರಿ ಕೆಲಸಕ್ಕೆ. ಆಗುಂಬೆ ಕಡೆಯ ತೋಟವೊಂದಕ್ಕೆ ಮಳೆಮಾಪಕ ಮಾಡುತ್ತಿದ್ದೇನೆ. ಟಿಕ್ ನಿಲ್ಲಿಸಿ ಮಲಗುವ ಸೌಲಭ್ಯ ಇದೆ, ಆದರೆ ಅದು ಮಾಮೂಲಾಗಿ ನೆಚ್ಚುವುದು 24 ಬಿಟ್‌ನ ಸಿಸ್‌ಟಿಕ್ ಟೈಮರನ್ನು. 72 ಮೆಗಾಹರ್ಟ್ಸ್‌ನಲ್ಲಿ ಒಮ್ಮೆಗೆ 233 ಮಿಲಿಸೆಕೆಂಡ್‌ಗಿಂತ ಹೆಚ್ಚು ನಿದ್ದೆಯಿಲ್ಲ. ಆ ಭಾಗವನ್ನು 32768 ಹರ್ಟ್ಸ್ ಕ್ರಿಸ್ಟಲ್‌ನ ಗಡಿಯಾರಕ್ಕೆ ಕಟ್ಟಿ ನಾನೇ ಬರೆಯುತ್ತಿದ್ದೇನೆ. ಬರುವ ಜೂನ್‌ನೊಳಗೆ ಮುಗಿಸಬೇಕು.